ಬೀಗ ಸಮೇತ

ಪೆರಿಯಕುಳಂನ ಮನೆ ಬಾಗಿಲಲ್ಲಿ ಯುವಶ್ರೀ ಚಪ್ಪಲಿ ಬಿಡುವಷ್ಟರಲ್ಲೇ ತುಪ್ಪದ ಘಮ ಮೂಗಿಗೆ ಬಡಿಯಿತು. ಅಪ್ಪ ಚಿನ್ನಸಾಮಿ ಇಸ್ತ್ರಿ ಮಾಡಿದ ಪಂಚೆ ಉಟ್ಟು ಗತ್ತಾಗಿ ಕೂತಿದ್ದರು.

“ಏನಮ್ಮಾ ವಿಶೇಷ?”

“ನಿನ್ ಮುತ್ತುಕುಮಾರ್ ಫೋನ್ ಮಾಡಿದ್ದ,” ಅಂದಳು ಅಮ್ಮ ಚೆಲ್ಲಮ್ಮಾಳ್. “ಮಧ್ಯಾನ ಬೀಗರ ಸಮೇತ ಬತ್ತೀನಿ ಅಂದ. ಕಳ್ಳೀ, ಒಂದ್ ಮಾತು ಹೇಳ್ಲಿಲ್ವಲ್ಲೇ!”

ಯುವಶ್ರೀ ಮನಸ್ಸಿನಲ್ಲೇ ಹಣೆ ಚಚ್ಚಿಕೊಂಡಳು. ಬೀಗರಲ್ಲ ಮಹಾತಾಯೀ, ಬೀಗ! ಬಾಗಿಲಿಗೆ ಹಾಕೋದು!

ಮನೆಮಾತು ಕನ್ನಡವೇ ಆದರೂ ಎಲ್ಲರೂ ಬಾಗಿಲ ಬೀಗಕ್ಕೆ ತಮಿಳಿನ ‘ಪೂಟ್ಟು’ ಅನ್ನುವವರೇ. ಅಮ್ಮನ ಪಾಲಿಗೆ ಬೀಗ ಅಂದರೆ ಮಗಳ ಅತ್ತೆಮನೆಯವರು, ಅಷ್ಟೇ. ಇದೆಲ್ಲ ಯುವಶ್ರೀಯದೇ ಕಿತಾಪತಿ. ದಿಂಡಿಗಲ್ಲಿನಲ್ಲಿ ಮುತ್ತುಕುಮಾರ ಕೈಯಿಂದಲೇ ಮಾಡುವ ಬೀಗಗಳನ್ನು ಕೇಳುವವರೇ ಇಲ್ಲದಾಗ, ಡಿಸೈನ್ ಓದಿದ ಇವಳು ಅಂಗೈಗೆ ಒಪ್ಪುವ ಮಾವಿನಕಾಯಿಯ ರೂಪ ಬರೆದುಕೊಟ್ಟಳು. ಬೀಗದ ಒಳಗಿನ ಕೆಲಸವೆಲ್ಲ ಅವನ ತಾತನ ಕಾಲದ್ದೇ. ಕೀಲಿ ತಿರುಗಿಸಿದರೆ ಗಂಟೆ ಬಾರಿಸುತ್ತದೆ. “ಪೂಟ್ಟು ಅನ್ನೋದು ಪೆಟ್ಟಿಗೆ ಅಂಗಡೀಲೂ ಸಿಗ್ತದೆ. ನಮ್ಮದನ್ನ ಬೀಗ ಅಂತಲೇ ಮಾರೋಣ” ಅಂದವಳೂ ಇವಳೇ. ಕೊಡೈಕಾನಲ್‌ನ ಒಂದು ಹೋಟೆಲ್, ಹಿಡಿಸಿದರೆ ಕೋಣೆಗೊಂದು ಕೊಳ್ಳುತ್ತೇವೆ ಅಂದಿತ್ತು. ಹಿಡಿಸದಿದ್ದರೆ ಅವನು ತಿರುಪ್ಪೂರಿನ ಮಿಲ್ಲಿಗೆ ಹೊರಡುವವನು.

ಯುವಶ್ರೀ ಅವನಿಗೆ ಫೋನ್ ಮಾಡಿದಳು. ಅವನು ಎತ್ತಲಿಲ್ಲ.

ಕೆಲಸದ ನಡುವೆ ಬೀಗದ ಹಿತ್ತಾಳೆ ಉಜ್ಜುತ್ತಾ ಅವನು ಇವಳತ್ತ ಕಣ್ಣೆತ್ತುತ್ತಿದ್ದ, ಇವಳು ನೋಡಿದೊಡನೆ ತಗ್ಗಿಸುತ್ತಿದ್ದ. ಆದರೆ ಬಾಯಿ ಬಿಟ್ಟು ಒಂದು ದಿನವೂ ಏನೂ ಹೇಳಿರಲಿಲ್ಲ. ಈಗ ಬರೀ ಬೀಗ ಹಿಡಿದು ಬಂದರೆ ಅಪ್ಪನ ಮರ್ಯಾದೆ ಹೋಗುತ್ತದೆ. ಮದುವೆಗೆ ಬಲವಂತ ಅನ್ನಿಸಿದರೆ ಅವನೇ ದೂರ ಹೋಗಿಬಿಡುತ್ತಾನೆ. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಅವನು ಬಂದ, ಒಬ್ಬನೇ.

“ಬೀಗರೆಲ್ಲಿ ತಂಬಿ?” ಚಿನ್ನಸಾಮಿ ಬೀದಿಯತ್ತ ಇಣುಕಿದರು.

ಅವನು ಚೀಲದಿಂದ ಮಾವಿನಕಾಯಿ ಬೀಗ ತೆಗೆದ. “ಇದೇ ಅಯ್ಯಾ, ನಿಮ್ಗೆ ತೋರ್ಸೋಣ ಅಂತ ತಂದೆ.”

“ಪೂಟ್ಟಾ!” ಚೆಲ್ಲಮ್ಮಾಳ್ ಸೊಂಟದ ಮೇಲೆ ಕೈಯಿಟ್ಟಳು. ಅಪ್ಪ ಎದ್ದು ಒಳಗೆ ಹೋದರು.

ಯುವಶ್ರೀ ಅವನನ್ನು ಜಗುಲಿಗೆ ಎಳೆದಳು. “ನೀವು ಬೀಗ ಅಂದಿದ್ದನ್ನ ಅಮ್ಮ ಬೀಗರು ಅಂತ ಕೇಳಿಸ್ಕೊಂಡ್ರು. ನಾನೇನೂ ಹೇಳಿಲ್ಲ, ಆಣೆ!”

ಅವನ ಕಿವಿ ಕೆಂಪಾಯಿತು. “ಹೋಟೆಲವ್ರು ಹೂಂ ಅನ್ಲಿ ಅಂತ ಕಾಯ್ತಿದ್ದೆ. ಕೆಲ್ಸಾನೇ ಇಲ್ದೋನು ಯಾವ ಮುಖ ಇಟ್ಕೊಂಡು ಹೆಣ್ಣು ಕೇಳ್ಲಿ ಯುವಾ?”

ಅಯ್ಯೋ ಪೆದ್ದೇ! ಇಷ್ಟು ದಿನ ಇದಕ್ಕಾ?

“ಅವ್ರು ಬೇಡಾಂದ್ರೆ ಇನ್ನೊಂದು ಹೋಟೆಲ್ ಹುಡುಕ್ತೀನಿ,” ಅಂದಳು. “ನೀವು ಬೇಡಾಂದ್ರೆ ನಾನೇನ್ ಮಾಡ್ಲಿ?”

ಈ ಸಲ ಅವನು ಕಣ್ಣು ತಗ್ಗಿಸಲಿಲ್ಲ. ಹೋಟೆಲಿನವರ ಉತ್ತರ ಇನ್ನೂ ಬಂದಿರಲಿಲ್ಲ. ಆದರೂ ಫೋನ್ ತೆಗೆದು ತನ್ನ ತಾಯಿಗೆ ಮಾಡಿದ.

“ಅಮ್ಮಾ, ಉಟ್ಟ ಸೀರೇಲೇ ಪೆರಿಯಕುಳಂ ಬಸ್ ಹತ್ತು,” ಅಂದ. “ನಿನ್ ಬೀಗಿತ್ತಿ ಕಾಯ್ತಾವ್ರೆ.”