ಕೀಗಳ ಮೇಲಿನ ವಿಭೂತಿ

ಹರವೆಯ ನಮ್ಮ ಮನೆಯಲ್ಲಿ ಪೆಟ್ಟಿಗೆಗೂ ಬೀಗವಿರಲಿಲ್ಲ. "ಮನೆಯೋರ ಮಧ್ಯೆ ಬೀಗ ಯಾಕಮ್ಮಿ?" ಎನ್ನುತ್ತಿದ್ದರು, ಓದುಬರಹ ಬಾರದ ನಮ್ಮತ್ತೆ ಚಿಕ್ಕಮಲ್ಲಮ್ಮ. ದಿನಾ ಬೆಳಗ್ಗೆ ಒಲೆಗೆ, ಹೊಲಿಗೆ ಮೆಷಿನ್ನಿಗೆ, ಎಲ್ಲಕ್ಕೂ ವಿಭೂತಿ ಹಚ್ಚುತ್ತಿದ್ದರು.

ಅವರು ತೀರಿಕೊಂಡ ಮೇಲೆ ದಿನಚರಿ ಬರೆಯಲು ಪುಟ್ಟದೊಂದು ಲ್ಯಾಪ್‌ಟಾಪ್ ಕೊಂಡೆ. ಆನ್ ಮಾಡಿದೊಡನೆ ಕೇಳುವಂತೆ ಆರಕ್ಷರದ ಪಾಸ್‌ವರ್ಡ್ ಹಾಕಿದೆ. ಮರುದಿನ ಬೆಳಗ್ಗೆ ಆ ಆರು ಕೀಗಳ ಮೇಲೆ ಮಾತ್ರ ವಿಭೂತಿಯಿತ್ತು, ಇನ್ನೂ ಒದ್ದೆಯಾಗಿ. ಪಾಸ್‌ವರ್ಡ್ ಬದಲಿಸಿದೆ. ವಿಭೂತಿಯೂ ಹೊಸ ಕೀಗಳಿಗೆ ಸರಿಯಿತು.

"ನೀವಾ ಹಚ್ಚಿದ್ದು?" ಎಂದು ನಮ್ಮೆಜಮಾನರನ್ನು ಕೇಳಿದೆ.

"ನಿನ್ ಪಾಸ್‌ವರ್ಡು ನಂಗೆಲ್ ಗೊತ್ತು ಕಣಮ್ಮಿ?" ಎಂದರು.

ಭಯವೇನೂ ಆಗಲಿಲ್ಲ. ದಿನಾ ಅದನ್ನೇ ಒರೆಸಿ ಹಣೆಗಿಟ್ಟುಕೊಂಡು ನೆಮ್ಮದಿಯಾಗಿ ಬರೆಯಲು ಕೂರುತ್ತೇನೆ.

ನಿನ್ನೆ ಮಲಗುವಾಗ ಹೊಸ ಪಾಸ್‌ವರ್ಡೊಂದನ್ನು ಮನಸ್ಸಿನಲ್ಲೇ ಅಂದುಕೊಂಡೆ. ಇನ್ನೂ ಹಾಕಿಲ್ಲ. ಇವತ್ತು ಬೆಳಗ್ಗೆ ವಿಭೂತಿ ಅದರ ಕೀಗಳ ಮೇಲಿತ್ತು.