ನನ್ನ ಪಾಲಿನ ಡಿಕಾಕ್ಷನ್

ಜಪಾನಿನ ಕೋಬೆಯಲ್ಲಿ ನನ್ನ ಗಂಡ ಶ್ರೀಪಾದ ಕೋವಿಡ್‌ನಿಂದ ತೀರಿಕೊಂಡಾಗ ವಿಮಾನಗಳು ನಿಂತಿದ್ದವು. ಮಗನ ಮುಖ ನೋಡಲೂ ಬರಲಾಗದ ಅತ್ತೆಗೆ ಸುದ್ದಿ ಹೇಳಲು ನನಗೆ ಬಾಯಿ ಬರಲಿಲ್ಲ. ಅವನಿಗೆ ಗಂಟಲು ಕಟ್ಟಿದೆ, ಫೋನಿನಲ್ಲಿ ಮಾತಾಡಲಾಗುವುದಿಲ್ಲ ಎಂದೆ. ಬದುಕಿದ್ದಾಗ ದಿನಾ ಬೆಳಿಗ್ಗೆ ಅವನು ಫೇಸ್‌ಬುಕ್‌ಗೆ ನಮ್ಮಿಬ್ಬರ ಕಾಫಿ ಲೋಟಗಳ ಫೋಟೋ ಹಾಕುತ್ತಿದ್ದ. ಅವನ ಹೆಸರಿನಲ್ಲಿ ಹಳೆಯ ಫೋಟೋಗಳನ್ನೇ ನಾನು ಹಾಕುತ್ತಾ ಬಂದೆ. ಊರಿನ ಕಾಫಿಪುಡಿ ಎಂದೋ ಮುಗಿದಿತ್ತು.

ಒಂದು ದಿನ ಜ್ವರದಿಂದ ಮಧ್ಯಾಹ್ನದವರೆಗೂ ಏಳಲಾಗಲಿಲ್ಲ. ಅತ್ತೆಯ ಫೋನೇ ಎಬ್ಬಿಸಿತು.

"ಜ್ವರ ಇಳೀತೇನಮ್ಮ?"

"ನಿಮಗೆ ಯಾರು ಹೇಳಿದ್ರು ಅತ್ತೆ?"

"ಅವನೇ ಬರ್ದಿದಾನಲ್ಲ, 'ಅಹಲ್ಯಾಗೆ ಜ್ವರ, ಮಲಗಿರಲಿ' ಅಂತ. ಫೋಟೋದಲ್ಲಿ ಇವತ್ತು ಒಂದೇ ಲೋಟ."

ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ತಿಂಗಳುಗಳಿಂದ ಒಣಗಿದ್ದ ಫಿಲ್ಟರಿನಲ್ಲಿ ನನ್ನ ಪಾಲಿನ ಡಿಕಾಕ್ಷನ್ ಇನ್ನೂ ಬೆಚ್ಚಗಿತ್ತು.