ದೀಪ ದೊಡ್ಡದು ಮಾಡೀನ್ರಿ

"ಮಿಸುಕಾಡಬ್ಯಾಡ್ರಿ! ಹಿಂದ ಹೊಳ್ಳಿ ನೋಡಬ್ಯಾಡ್ರಿ!"

ಗುಂಜಿಯ ಕಾಡಂಚಿನಲ್ಲಿ ಮರಕ್ಕೆ ಪೆಟ್ಟಿಗೆ ಬಿಗಿಯುತ್ತಿದ್ದ ಕೇತಕಿಯ ಮುಂಗೈಯನ್ನು ಯಾರೋ ಗಟ್ಟಿಯಾಗಿ ಹಿಡಿದಿದ್ದರು. ಬೆನ್ನ ಹಿಂದೆ ಒಣಗಿದ ಎಲೆಗಳ ಸಪ್ಪಳ... ಭಾರವಾದ ಉಸಿರು...

ಕರಡಿ!

ಅದು ತನ್ನ ಪಾಡಿಗೆ ಪೊದೆ ಸೇರಿತು. ಆಮೇಲೂ ಹಿಡಿದವನು ಕೈ ಬಿಟ್ಟಿರಲಿಲ್ಲ. ಬಿಡಿಸಿಕೊಳ್ಳುವ ಅವಸರ ಅವಳಿಗೂ ಇರಲಿಲ್ಲ, ಅದು ಬೇರೆ ಮಾತು!

ಅವನು ಗಜಾನನ. ಎಮ್ಮೆ ಸಾಕುವ ಮನೆತನದವನು, ಈಗ ಕಾಡು ಕಾಯುವ ಸಂಬಳದ ಕೆಲಸ. ಅವಳು ಬೆಳಗಾವಿಯ ಎಂಜಿನಿಯರ್. ಮನೆಯಲ್ಲಿ ಮರಾಠಿ, ಪೀರನವಾಡಿಯ ಆಫೀಸಿನಲ್ಲಿ ಕನ್ನಡ. ಪೆಟ್ಟಿಗೆಯೊಳಗೆ ಅವಳು ಕೂರಿಸಿದ ಅಂಗೈಯಗಲದ ಕಂಪ್ಯೂಟರ್, ಕ್ಯಾಮೆರಾ, ಸಿಮ್, ಬ್ಯಾಟರಿ. ಮೇಲೆ ಸೋಲಾರ್ ಹಾಳೆ. ಕರಡಿ ಕಂಡರೆ ಆ ಸಿಮ್‌ನಿಂದ ಇಬ್ಬರ ಫೋನಿಗೂ ಸಂದೇಶ ಬರುತ್ತಿತ್ತು.

ಬೇಸಿಗೆಯಿಡೀ ಅವರ ಮಾತು ಪೆಟ್ಟಿಗೆಯಿಂದ ಶುರುವಾಗಿ "ಊಟ ಆತೇನ್ರಿ?" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಅದರಾಚೆ ಹೋಗಲು ಇಬ್ಬರಿಗೂ ಧೈರ್ಯವಿಲ್ಲ!

ಆಮೇಲೆ ಮೋಡ ಕವಿಯಿತು. ಬಿಸಿಲಿಲ್ಲದೆ ಬ್ಯಾಟರಿ ಇಳಿಯತೊಡಗಿತು. ಪೆಟ್ಟಿಗೆ ಸತ್ತರೆ? ಅದನ್ನೇ ನಂಬಿ ಅವನು ಕಾಡಿಗೆ ಹೋದರೆ?

ಕೇತಕಿಗೆ ಅನ್ನ ಸೇರಲಿಲ್ಲ. ಆಫೀಸಿನಿಂದಲೇ ವೈಫೈ ಮುಚ್ಚಿದಳು, ಪ್ರೊಸೆಸರ್ ವೇಗ ಇಳಿಸಿದಳು, ಏನಾದರೂ ಕದಲಿದಾಗ ಮಾತ್ರ ಕ್ಯಾಮೆರಾ ಏಳುವಂತೆ ಮಾಡಿದಳು. ಬ್ಯಾಟರಿಯ ಸ್ಥಿತಿ ತಿಳಿಸುವ ಸಂದೇಶವನ್ನೂ ನಿಲ್ಲಿಸಿದಳು. ಉಳಿದದ್ದು ಪೆಟ್ಟಿಗೆಯ ಮೇಲಿನ ಹಳದಿ ದೀಪ. ಅದರ ಬೆಳಕು ಹೆಚ್ಚು ಕಡಿಮೆ ಮಾಡುವ ಗುಂಡಿಯನ್ನು ಕೈಯಿಂದಲೇ ತಿರುಗಿಸಬೇಕು. ಅವನಿಗೆ ಫೋನ್ ಮಾಡಿದಳು.

"ಗಜಾನನ, ಮೊದಲ ಆ ದೀಪ ಆರಸ್ರಿ. ಅದು ಭಾಳ ಕರೆಂಟ್ ತಿಂತೈತಿ."

ಸ್ವಲ್ಪ ಹೊತ್ತಿಗೆ ಅವನೇ ಫೋನ್ ಮಾಡಿದ. "ದೀಪ ದೊಡ್ಡದು ಮಾಡೀನ್ರಿ."

"ದೊಡ್ಡದು?! ನಾ ಏನ ಹೇಳಿದೆ, ನೀವೇನ ಮಾಡಿದ್ರಿ? ಒಂದ ದೀಪ ಆರಸೂದೂ ತಿಳಿಯೂದಿಲ್ಲೇನು ನಿಮಗ?"

"ಅಲ್ರೀ, ನಾ..."

"ಸಾಕು ಬಿಡ್ರಿ! ನಿಮ್ಮನ್ನ ನಂಬಿದ್ದ ನನ್ನ ತಪ್ಪು!"

ಸಿಟ್ಟಿನಲ್ಲಿ ಫೋನ್ ಇಟ್ಟಳು. ಸಿಟ್ಟು ಇಳಿದ ಮೇಲೆ ಅವಳೇ ಮಾಡಿದ ಕರೆಗಳನ್ನು ಅವನು ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಗುಂಜಿಗೆ ಹೋಗುವ ರೈಲು ಹತ್ತಿದಳು. ದೇಸೂರ ದಾಟುವಾಗಲೂ ಕಣ್ಣು ಫೋನಿನ ಮೇಲೆಯೇ. 'ಪೆಟ್ಟಿಗೆ ಸತ್ತೇಹೋಗಿರಬೇಕು... ದೇವರೇ, ಇವತ್ತೊಂದು ದಿನ ಅವರು ಕಾಡಿಗೆ ಹೋಗದಿರಲಿ!'

ಗಜಾನನನ ಮನೆಯಲ್ಲಿ ಅವನ ತಾಯಿ ಭರಮವ್ವ ಒಬ್ಬಳೇ ಇದ್ದಳು.

"ಗಜಾನನ ಎಲ್ಲಿ ಅದಾರ್ರಿ?"

"ಈಗಷ್ಟ ಕಾಡಿಗಿ ಹೋದಾ. ಯಾಕವ್ವಾ, ಇಷ್ಟ ಬೆವತೀದಿ?"

"ಪೆಟಿಗಿ ದೀಪ ದೊಡ್ಡದು ಮಾಡ್ಯಾರ್ರೀ ಅವರು! ಬ್ಯಾಟರಿ ಖಾಲಿ ಆಗಿರತೈತಿ!"

ಭರಮವ್ವ ಅವಳನ್ನು ವಿಚಿತ್ರವಾಗಿ ನೋಡಿದಳು. "ನೀನ ದೊಡ್ಡದು ಮಾಡಂದ್ಯಂತಲ್ಲ? ಆವಾಗಿಂದ ಅಲ್ಲಿ ಬರೇ ಕತ್ತಲಿ."

"ಕತ್ತಲಿ?"

"ಹೂಂ ಮತ್ತ. ದೀಪ ಆರಸು ಅಂತ ಬಾಯಿಲೆ ಅನಬಾರದವ್ವಾ, ಕೆಟ್ಟದ್ದು. ದೊಡ್ಡದು ಮಾಡು ಅನಬೇಕು."

ಕೇತಕಿ ಹೊಸ್ತಿಲಲ್ಲೇ ನಿಂತು ಹಣೆ ಬಡಿದುಕೊಂಡಳು. ಹೇಳಿದ್ದನ್ನೇ ಮಾಡಿದವನಿಗೆ ಎಂಥ ಮಾತು ಆಡಿಬಿಟ್ಟೆ!

ಅಷ್ಟರಲ್ಲಿ ಕೈಯಲ್ಲಿದ್ದ ಫೋನ್ ನಡುಗಿತು. ಪೆಟ್ಟಿಗೆ ಬದುಕಿತ್ತು! ಪರದೆಯ ಮೇಲೆ ಕಪ್ಪು ಮೈ, ಜೊತೆಗೊಂದು ಮರಿ...

ಅದೇ ಗಳಿಗೆಗೆ ಒಳಗಿನ ಗೋಡೆಯ ಗೂಡಿನಲ್ಲಿ ಇನ್ನೊಂದು ಫೋನ್ ಸದ್ದು ಮಾಡಿತು. ಗಜಾನನನ ಫೋನ್!

"ಬಿಟ್ಟ ಹೋಗ್ಯಾರೇನು?!"

ಕೈಗೆ ಸಿಕ್ಕ ತಾಟು, ಸೌಟು ಹಿಡಿದು ಅವಳು ಓಡಿದಳು. ಹಿಂದೆ ಭರಮವ್ವ ಡಬ್ಬಿ ಬಡಿಯುತ್ತ ಬಂದಳು. ಕರಡಿಯ ಹೆಸರು ಕೇಳಿದರೇ ಬೆವರುತ್ತಿದ್ದ ಕೇತಕಿ ಈಗ ಕರಡಿಯಿದ್ದ ಕಡೆಗೇ ಓಡುತ್ತಿದ್ದಳು!

"ಗಜಾನನ! ಮುಂದ ಹೋಗಬ್ಯಾಡ್ರಿ! ಹೊಳ್ಳಿ ಬರ್ರಿ!"

ತಾಟು ಬಡಿದು ಬಡಿದು ತೋಳು ಸೋತಿತು. ಪೊದೆ ಅಲುಗಿತು... ಅವಳು ಸೌಟು ಎತ್ತಿ ಹಿಡಿದಳು.

ಹೊರಬಂದವನು ಗಜಾನನ.

"ಆ ತಿರುವಿನ್ಯಾಗ ಇತ್ತ್ರಿ, ಮರಿ ಕಟಗೊಂಡು. ನಿಮ್ಮ ಗದ್ದಲಕ್ಕ ಆಚಿ ಕಡೆ ಓಡಿತು. ಇನ್ನೊಂದ ನಾಕ ಹೆಜ್ಜಿ ಇಟ್ಟಿದ್ರ..."

ಅವನು ಮಾತು ಮುಗಿಸುವ ಮೊದಲೇ ಕೇತಕಿ ತಾಟು ಎಸೆದು ಅವನ ಅಂಗಿ ಹಿಡಿದುಕೊಂಡಳು.

"ಫೋನ್ ಯಾಕ ಬಿಟ್ಟ ಹೋದ್ರಿ? ಜೀವಾ ಬ್ಯಾಡಾಗಿತ್ತೇನು?"

ಅವನು ತಲೆ ತಗ್ಗಿಸಿದ. "ನೀವು ಮಾಡಿದ್ರ ಎತ್ತಬೇಕು ಅನಸ್ತಿತ್ತು. ಎತ್ತಿದ್ರ ಮತ್ತ ನಂಬೂದಿಲ್ಲ ಅಂತೀರೇನೋ ಅಂತ ಹೆದರಿಕಿ. ಕರಡಿಗಿ ಅಷ್ಟ ಹೆದರಂಗಿಲ್ರಿ ನಾ."

"ತಪ್ಪು ನಂದು. ನಿಮ್ಮ ಮಾತು ನನಗ ತಿಳೀಲಿಲ್ಲ..." ಅವಳು ಬಿಕ್ಕಿದಳು. "ನಿಮಗೇನರ ಆಗಿದ್ರ ನಾ ಉಳೀತಿದ್ದಿಲ್ಲ. ಇಷ್ಟ ದಿನಾ ಇದನ್ನ ಹೇಳಾಕ ಧೈರ್ಯ ಆಗಿರಲಿಲ್ಲ. ಖರೇ."

ಭರಮವ್ವ ಡಬ್ಬಿ ಬಡಿಯುವುದನ್ನು ನಿಲ್ಲಿಸಿ, ಏನೂ ಕೇಳಿಸದವಳಂತೆ ಮನೆಯ ಕಡೆ ತಿರುಗಿದಳು.

ಗಜಾನನ ಮೆಲ್ಲಗೆ ಅವಳ ಕಣ್ಣೊರೆಸಿದ. "ಇನ್ನ ಮ್ಯಾಲೆ ಎಷ್ಟ ಬೈದ್ರೂ ಫೋನ್ ಎತ್ತತೀನ್ರಿ."

"ಬೈಯಾಕ ಫೋನ್ ಯಾಕ ಬೇಕು? ಬಾಜೂಕ ಕುಂತ ಬೈತೀನಿ."

"ದಿನಾ?"

"ಹೂಂ, ದಿನಾ!"